ಬೊಗೊಟಾದಲ್ಲಿ ಸಿಕ್ಕ ಒಂದು ಭಾನುವಾರ: ಏನು ನೋಡೋದು, ಏನು ಬಿಡೋದು?

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದ್ದೇವೆ. ಜನವರಿಯಲ್ಲಿ ಮಾಚು ಪಿಚು ನೋಡಲು ಪೆರುವಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗ, ಜೊತೆಗೆ ಮೈಸೂರಿನಿಂದ ಬಂದಿರುವ ನಮ್ಮತ್ತೆ. ಅವರಿಗೆ 66 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ. ಕೊಲಂಬಿಯಾದ ಬೊಗೊಟಾದಲ್ಲಿ ವಿಮಾನ ಬದಲಿಸಬೇಕು. ಶನಿವಾರ ರಾತ್ರಿ ಇಳಿದು, ಸೋಮವಾರ ಬೆಳಗ್ಗೆ ಕುಸ್ಕೊಗೆ ಹೊರಡುತ್ತೇವೆ. ನಡುವೆ ಸಿಗುವ ಭಾನುವಾರದಲ್ಲಿ ಮೊನ್ಸೆರಾತೆ ಬೆಟ್ಟ, ಚಿನ್ನದ ಮ್ಯೂಸಿಯಂ, ಸಿಪಾಕಿರಾದ ಉಪ್ಪಿನ ಚರ್ಚ್, ಗ್ವಾತಾವಿತಾ ಸರೋವರ, ಉಸಾಕೆನ್ ಸಂತೆ ಎಲ್ಲ ಆಗುತ್ತಾ? ನಾವು ಸಸ್ಯಾಹಾರಿಗಳು. ಊರಲ್ಲಿ ಓಡಾಡೋಕೆ ಭಯ ಇಲ್ಲ ತಾನೆ?

ಉತ್ತರ: ಎಲ್ಲ ಆಗುವುದಿಲ್ಲ. ಪಟ್ಟಿಯಿಂದ ಎರಡನ್ನು ಈಗಲೇ ಹೊಡೆದುಹಾಕಿ: ಉಪ್ಪಿನ ಚರ್ಚು ಮತ್ತು ಸರೋವರ.

ಸಿಪಾಕಿರಾ ಇರುವುದು ಬೊಗೊಟಾದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ. ಉಪ್ಪಿನ ಗಣಿಯೊಳಗೆ ಕೊರೆದ ಚರ್ಚು ಅದು, ನೆಲದಿಂದ ಸುಮಾರು 180 ಮೀಟರ್ ಕೆಳಗಿದೆ. ಈಗಿರುವುದು 1995ರಲ್ಲಿ ತೆರೆದದ್ದು. ನೋಡಲು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹೋಗಿ, ಒಳಗೆ ನಡೆದು, ಭಾನುವಾರ ಸಂಜೆ ಊರಿಗೆ ವಾಪಸಾಗುವ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡು ಬರುವಷ್ಟರಲ್ಲಿ ನಿಮ್ಮ ದಿನ ಮುಗಿದಿರುತ್ತದೆ. ಬೊಗೊಟಾವನ್ನು ಕಾರಿನ ಕಿಟಕಿಯಿಂದ ನೋಡಿದಂತಾಗುತ್ತದೆ ಅಷ್ಟೆ. ಗ್ವಾತಾವಿತಾ ಇನ್ನೂ ದೂರ, ಇನ್ನೂ ಎತ್ತರ, ಮೇಲೆ ಹತ್ತಬೇಕು ಬೇರೆ. ಹತ್ತಿದ ಮೇಲೆ ಕಾಣುವುದು ದುಂಡನೆಯ ಹಸಿರು ಕೆರೆ. ಆ ಕೆರೆಯ ಕಥೆ ಇರುವುದು ಊರೊಳಗಿನ ಚಿನ್ನದ ಮ್ಯೂಸಿಯಂನಲ್ಲಿ.

ನಿಮಗೆ ಭಾನುವಾರವೇ ಸಿಕ್ಕಿದ್ದು ಅದೃಷ್ಟ. ಸೋಮವಾರವಾಗಿದ್ದರೆ ಚಿನ್ನದ ಮ್ಯೂಸಿಯಂ ಮುಚ್ಚಿರುತ್ತಿತ್ತು, ಮಂಗಳವಾರವಾಗಿದ್ದರೆ ಚಿತ್ರಕಲೆಯ ಬೊತೇರೊ ಮ್ಯೂಸಿಯಂ. ಬೇರೆ ದಿನಗಳಲ್ಲಿ ಬೊಗೊಟಾ ಎಂದರೆ ಹೊಗೆ, ಹಾರ್ನ್, ನಿಂತ ಟ್ರಾಫಿಕ್ಕು. ಭಾನುವಾರ ಮಾತ್ರ ಊರಿನ ಲಕ್ಷಣವೇ ಬೇರೆ. ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರಿಗೂ ಜಾಸ್ತಿ ಮುಖ್ಯ ರಸ್ತೆಗಳನ್ನು ಕಾರುಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಡುತ್ತಾರೆ. ಇದೇ ಸಿಕ್ಲೋವಿಯಾ. 1974ರಲ್ಲಿ ಶುರುವಾದದ್ದು. ಸೈಕಲ್ಲು, ಸ್ಕೇಟಿಂಗ್, ನಾಯಿ ಹಿಡಿದುಕೊಂಡು ನಡೆಯುವ ಅಜ್ಜಂದಿರು, ರಸ್ತೆ ಬದಿಯಲ್ಲಿ ಹಣ್ಣು ಹೆಚ್ಚಿ ಕೊಡುವವರು, ಪಾರ್ಕಿನಲ್ಲಿ ಹಾಡು ಹಾಕಿ ಏರೋಬಿಕ್ಸ್ ಮಾಡಿಸುವವರು. ಜಗತ್ತಿನ ಎಷ್ಟೋ ನಗರಗಳು ಇದನ್ನು ನೋಡಿ ಕಲಿತಿವೆ. ನನ್ನನ್ನು ಕೇಳಿದರೆ ಬೊಗೊಟಾದಲ್ಲಿ ನೋಡಲೇಬೇಕಾದ್ದು ಇದು. ಮ್ಯೂಸಿಯಂಗಳು ಆಮೇಲೆ.

ಮೊದಲು ಎತ್ತರದ ವಿಷಯ ಮಾತಾಡಿಬಿಡೋಣ. ಬೊಗೊಟಾ ಸಮುದ್ರಮಟ್ಟದಿಂದ ಸುಮಾರು 2,640 ಮೀಟರ್ ಮೇಲಿದೆ. ಊಟಿಯ ದೊಡ್ಡಬೆಟ್ಟದ ತುದಿ 2,637 ಮೀಟರ್. ನಮ್ಮ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಮುಟ್ಟುವುದಿಲ್ಲ. ಇಲ್ಲಿ ಅಷ್ಟು ಎತ್ತರದಲ್ಲಿ ದೊಡ್ಡ ರಾಜಧಾನಿಯೇ ಇದೆ. ಇಳಿದ ರಾತ್ರಿ ಸ್ವಲ್ಪ ತಲೆನೋವು, ಮೆಟ್ಟಿಲು ಹತ್ತಿದರೆ ಏದುಸಿರು, ಸರಿಯಾಗಿ ನಿದ್ದೆ ಬಾರದಿರುವುದು ಮಾಮೂಲು. ನೀರು ಚೆನ್ನಾಗಿ ಕುಡಿಯಿರಿ. ರಾತ್ರಿ ಊಟ ಹಗುರವಾಗಿರಲಿ. ಮೊದಲ ದಿನ ಮದ್ಯ ಬೇಡ. ಅತ್ತೆಯವರ ಡಾಕ್ಟರ ಹತ್ತಿರ ಹೊರಡುವ ಮುಂಚೆಯೇ ಎತ್ತರದ ವಿಷಯ ಹೇಳಿ, ಮಾತ್ರೆಯಲ್ಲಿ ಬದಲಾವಣೆ ಬೇಕಾ ಕೇಳಿ. ಇದರಲ್ಲಿ ಒಂದು ಲಾಭವೂ ಇದೆ. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಟ್ಲಾಂಟಾದಿಂದ ನೇರ ಅಲ್ಲಿಗೆ ಹಾರುವವರಿಗಿಂತ, ಬೊಗೊಟಾದಲ್ಲಿ ಎರಡು ರಾತ್ರಿ ಮಲಗಿ ಹೋಗುವ ನಿಮಗೆ ಅಲ್ಲಿ ಸುಲಭವಾಗುತ್ತದೆ.

ಚಳಿಗೆ ಬಟ್ಟೆ ಬೇಕು. ಭೂಮಧ್ಯರೇಖೆಗೆ ಹತ್ತಿರದ ಊರಾದರೂ ವರ್ಷಪೂರ್ತಿ ರಾತ್ರಿ 8 ಡಿಗ್ರಿ, ಹಗಲು 19 ಡಿಗ್ರಿ ಆಸುಪಾಸು. ಬೇಸಿಗೆ, ಚಳಿಗಾಲ ಅಂತ ಬೇರೆ ಬೇರೆ ಇಲ್ಲ. ಜನವರಿ ಒಣ ತಿಂಗಳು ಅನ್ನುತ್ತಾರೆ, ಆದರೂ ಕೊಡೆ ಚೀಲದಲ್ಲಿರಲಿ. ಬಿಸಿಲು ಬಂದರೆ ತಂಪು ಗಾಳಿಯಲ್ಲಿ ಗೊತ್ತಾಗದ ಹಾಗೆ ಚರ್ಮ ಸುಡುತ್ತದೆ. ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ.

ಉಳಿಯುವುದಕ್ಕೆ ಹಳೇ ಊರಾದ ಲಾ ಕಾಂಡೆಲಾರಿಯಾ ಚೆನ್ನಾಗಿರುತ್ತೆ ಅಂತ ಅನಿಸಬಹುದು. ನಾನು ಬೇಡ ಅಂತೀನಿ. ಹಗಲು ಗಿಜಿಗುಡುವ ಆ ಓಣಿಗಳು ಕತ್ತಲಾದ ಮೇಲೆ ಖಾಲಿ. ಶನಿವಾರ ರಾತ್ರಿ ಹೊತ್ತಾಗಿ ಲಗೇಜು, ಮಗು, ಹಿರಿಯರ ಜೊತೆ ಇಳಿಯುವ ಜಾಗ ಅದಲ್ಲ. ಉತ್ತರ ಭಾಗದಲ್ಲಿ, ಪಾರ್ಕೆ 93 ಅಥವಾ ಉಸಾಕೆನ್ ಕಡೆ ಹೋಟೆಲ್ ಮಾಡಿ. ಸಂಜೆ ಹೊರಗೆ ಬಂದು ಊಟ ಮಾಡಿ ಹೋಗುವುದಕ್ಕೂ ಅದೇ ಅನುಕೂಲ.

ದಾರಿ ಹುಡುಕುವುದು ಇಲ್ಲಿ ಸುಲಭ. ಪೂರ್ವಕ್ಕೆ ಉದ್ದಕ್ಕೂ ಬೆಟ್ಟದ ಗೋಡೆ, ಎಲ್ಲಿ ನಿಂತರೂ ಕಾಣುತ್ತದೆ. ಬೆಟ್ಟಕ್ಕೆ ಸಮಾನಾಂತರವಾಗಿ ಉತ್ತರ–ದಕ್ಷಿಣ ಹೋಗುವ ರಸ್ತೆ ಕರೇರಾ. ಬೆಟ್ಟದ ಕಡೆ ಏರುವ ರಸ್ತೆ ಕಾಯೆ. ಎಲ್ಲಕ್ಕೂ ನಂಬರು. ಚಿನ್ನದ ಮ್ಯೂಸಿಯಂ ವಿಳಾಸ ಕರೇರಾ 6 # 15-88. ಅಂದರೆ 6ನೇ ಕರೇರಾದಲ್ಲಿ, 15ನೇ ಕಾಯೆ ಸೇರುವ ಮೂಲೆಯಿಂದ 88 ಮೀಟರ್. ನಿಮ್ಮ ಮಗನಿಗೆ ಇದನ್ನು ಹೇಳಿಕೊಟ್ಟುಬಿಡಿ. ಇಡೀ ದಿನ ದಾರಿ ತೋರಿಸುವ ಕೆಲಸ ಅವನೇ ಮಾಡ್ತಾನೆ.

ಈಗ ಭಾನುವಾರಕ್ಕೆ ಬರೋಣ.

ಮೊನ್ಸೆರಾತೆಗೆ ಹೋಗುವುದಾದರೆ ಬೆಳಗ್ಗೆ ಮೊದಲು ಅದೇ ಆಗಬೇಕು. ಬೆಟ್ಟದ ತುದಿ 3,152 ಮೀಟರ್, ಮೇಲೊಂದು ಬಿಳಿ ಚರ್ಚು. ಬಿದ್ದ ಏಸುವಿನ ವಿಗ್ರಹಕ್ಕೆ ಹರಕೆ ಹೊತ್ತವರು ಭಾನುವಾರ ಸಾಲುಗಟ್ಟಿ ಬರುತ್ತಾರೆ. ಹೊತ್ತೇರಿದ ಹಾಗೆ ಕ್ಯೂ ಬೆಳೆಯುತ್ತದೆ, ಮೋಡವೂ ಕವಿಯುತ್ತದೆ. ಹತ್ತುವುದಕ್ಕೆ ಹಳಿ ಮೇಲಿನ ಫ್ಯೂನಿಕ್ಯುಲರ್ ಇದೆ, 1929ರದ್ದು. 1955ರಿಂದ ಕೇಬಲ್ ಕಾರೂ ಇದೆ. ಮೆಟ್ಟಿಲ ದಾರಿಯೂ ಉಂಟು, ನಿಮಗೆ ಅದು ಬೇಡ. ಭಾನುವಾರ ಬೇಗ ತೆರೆದು ಬೇಗ ಮುಚ್ಚುತ್ತಾರೆ, ಹಾಗಾಗಿ ಸೂರ್ಯಾಸ್ತಕ್ಕೆ ಹೋಗೋಣ ಅನ್ನುವ ಯೋಚನೆ ಬಿಡಿ. ಏಳು ಗಂಟೆಯೊಳಗೆ ಕೆಳಗಿನ ಸ್ಟೇಷನ್ನಿನಲ್ಲಿದ್ದರೆ ಎಂಟೂವರೆಗೆ ಇಳಿದುಬಿಡಬಹುದು. ಇಡೀ ಊರು ಕೆಳಗೆ ಹರಡಿಕೊಂಡಿರುವುದು ಕಾಣುತ್ತದೆ. ಅತ್ತೆಯವರಿಗೆ ರಾತ್ರಿ ತಲೆನೋವು ಬಂದಿದ್ದರೆ ಬೆಟ್ಟವನ್ನು ಬಿಟ್ಟುಬಿಡಿ. ನೀವಿಬ್ಬರು ಮಗನನ್ನು ಕರೆದುಕೊಂಡು ಹೋಗಿಬರಲೂಬಹುದು, ಅವರು ಹತ್ತು ಗಂಟೆಗೆ ಮ್ಯೂಸಿಯಂ ಹತ್ತಿರ ಸೇರಿಕೊಳ್ಳಲಿ. ಆದರೆ ಭಾಷೆ ಗೊತ್ತಿಲ್ಲದ ಊರಲ್ಲಿ ಒಬ್ಬರನ್ನೇ ಟ್ಯಾಕ್ಸಿ ಹತ್ತಿಸುವುದು ಸರಿಯಲ್ಲ, ಯಜಮಾನರು ಜೊತೆಗಿದ್ದರೆ ಒಳ್ಳೆಯದು.

ಬೆಟ್ಟಕ್ಕೆ ಬದಲು ಪಾಲೊಕೆಮಾವೊ ಮಾರುಕಟ್ಟೆಗೂ ಹೋಗಬಹುದು. ಹಿರಿಯರಿಗೆ ಬೆಟ್ಟಕ್ಕಿಂತ ಇದೇ ಜಾಸ್ತಿ ಇಷ್ಟವಾಗುವುದನ್ನು ನೋಡಿದ್ದೇನೆ. ಹೂವಿನ ರಾಶಿ, ಹತ್ತಾರು ಬಣ್ಣದ ಆಲೂಗಡ್ಡೆ, ಲಕ್ಷ್ಮಣಫಲ, ಕೊಡಗಿನವರಿಗೆ ಗೊತ್ತಿರುವ ಪ್ಯಾಶನ್ ಫ್ರೂಟ್, ಅದರದೇ ಸಿಹಿ ತಮ್ಮನಂಥ ಗ್ರಾನಡಿಯಾ, ಹುಳಿ ಜ್ಯೂಸ್ ಮಾಡುವ ಲೂಲೊ. ಕಾರಿನಲ್ಲಿ ಹೋಗಿ ಕಾರಿನಲ್ಲೇ ಬನ್ನಿ, ಸುತ್ತಲಿನ ಬೀದಿಗಳಲ್ಲಿ ಸುಮ್ನೆ ಅಡ್ಡಾಡಬೇಡಿ.

ಒಂಬತ್ತಕ್ಕೆ ಸೆಪ್ತಿಮಾಗೆ ಬನ್ನಿ. ಅದು 7ನೇ ಕರೇರಾ, ಊರಿನ ಬೆನ್ನುಮೂಳೆ. ನಿಮಗೆ ಸಿಕ್ಲೋವಿಯಾ ಸಿಗುವುದು ಇಲ್ಲಿ. ಮಗನಿಗೆ ಸೈಕಲ್ ಬೇಕಾದರೆ ಬಾಡಿಗೆ ಅಂಗಡಿ ಎಲ್ಲಿದೆ ಅಂತ ಹೋಟೆಲಿನಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ನಡೆಯಿರಿ. ನಡೆಯುತ್ತಾ ಹಿಮೇನೆಸ್ ಅವೆನ್ಯೂ ಸೇರುವ ಜಾಗಕ್ಕೆ ಬಂದರೆ ಒಂದು ಕಟ್ಟಡದ ಗೋಡೆ ಮೇಲೆ ಕಲ್ಲಿನ ಫಲಕಗಳು ಕಾಣುತ್ತವೆ. 1948ರ ಏಪ್ರಿಲ್ 9ರಂದು ಹೋರ್ಹೆ ಎಲಿಯೆಸೆರ್ ಗೈತಾನ್ ಎಂಬ ಜನಪ್ರಿಯ ನಾಯಕನನ್ನು ಗುಂಡಿಟ್ಟು ಕೊಂದದ್ದು ಇಲ್ಲಿ. ಆತ ಮುಂದಿನ ಅಧ್ಯಕ್ಷ ಆಗುತ್ತಾನೆ ಅಂತ ಬಡವರು ನಂಬಿದ್ದರು. ಕೊಂದವನನ್ನು ಜನ ಅಲ್ಲೇ ಬಡಿದು ಸಾಯಿಸಿದರು. ಟ್ರಾಮುಗಳಿಗೆ ಬೆಂಕಿ ಬಿತ್ತು, ಊರಿನ ನಡುಭಾಗ ಹೊತ್ತಿ ಉರಿಯಿತು. ಆಮೇಲೆ ಹತ್ತು ವರ್ಷ ಹಳ್ಳಿಹಳ್ಳಿಗಳಲ್ಲಿ ನಡೆದ ಕೊಲೆಗಳಲ್ಲಿ ಸುಮಾರು 2 ಲಕ್ಷ ಜನ ಸತ್ತರು. ಕೊಲಂಬಿಯಾದ ಮುಂದಿನ ಗೆರಿಲ್ಲಾ ಯುದ್ಧಗಳ ಬೇರು ಈ ದಿನಗಳಲ್ಲಿದೆ. ಇಷ್ಟು ತಿಳಿದುಕೊಂಡು ಆ ಮೂಲೆಯಲ್ಲಿ ನಿಂತರೆ, ಸೈಕಲ್ ಓಡಿಸುವ ಮಕ್ಕಳು ತುಂಬಿದ ಅದೇ ರಸ್ತೆ ಬೇರೆ ಥರ ಕಾಣುತ್ತದೆ.

ಹತ್ತು ಗಂಟೆಗೆ ಚಿನ್ನದ ಮ್ಯೂಸಿಯಂ ಬಾಗಿಲು ತೆರೆಯುತ್ತದೆ. ಭಾನುವಾರ ಟಿಕೆಟ್ ಇಲ್ಲ. ಹಾಗಾಗಿ ಜನ ಬರುತ್ತಾರೆ, ತೆರೆಯುವ ಹೊತ್ತಿಗೇ ಒಳಗಿರಿ. ಇಲ್ಲಿಗೆ ಎರಡು ಗಂಟೆ ಕೊಡಿ. ನಡೆಸುವುದು ಆ ದೇಶದ ರಿಸರ್ವ್ ಬ್ಯಾಂಕು. ಸಂಗ್ರಹದಲ್ಲಿ ಸುಮಾರು 34 ಸಾವಿರ ಚಿನ್ನದ ವಸ್ತುಗಳಿವೆ. ಎಲ್ಲವೂ ಸ್ಪೇನಿನವರು ಬರುವ ಮುಂಚೆ ಅಲ್ಲಿನವರೇ ಮಾಡಿದ್ದು. ಸ್ಪೇನಿನವರ ಕೈಗೆ ಸಿಕ್ಕಿದ್ದೆಲ್ಲ ಕರಗಿ ಗಟ್ಟಿಯಾಗಿ ಹೋಯಿತು. ಇಲ್ಲಿ ಇರುವುದು ಸಿಗದೆ ಉಳಿದದ್ದು.

ಎಲ್ಲ ಗಾಜಿನ ಪೆಟ್ಟಿಗೆ ಮುಂದೆಯೂ ನಿಂತರೆ ಸುಸ್ತಾಗುತ್ತದೆ. ಎರಡನ್ನು ಹುಡುಕಿಕೊಂಡು ಹೋಗಿ. ಒಂದು, ಕಿಂಬಾಯಾ ಜನರ ಪೊಪೊರೊ. 1939ರಲ್ಲಿ ಬ್ಯಾಂಕು ಇದನ್ನು ಕೊಂಡುಕೊಂಡಲ್ಲಿಂದಲೇ ಮ್ಯೂಸಿಯಂ ಶುರುವಾದದ್ದು. ಅತ್ತೆಯವರಿಗೆ ಇದನ್ನು ವಿವರಿಸುವುದೇ ಬೇಡ: ಇದು ಸುಣ್ಣದ ಡಬ್ಬಿ. ನಮ್ಮಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುವ ಹಾಗೆ ಅಲ್ಲಿನವರು ಕೋಕಾ ಎಲೆ ಜಗಿಯುವಾಗ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಕಡ್ಡಿಯಿಂದ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೊಲಂಬಿಯಾದ್ದೇ ಆದ ಸಿಯೆರಾ ನೆವಾಡಾ ಬೆಟ್ಟಗಳ ಕೋಗಿ ಜನ ಈಗಲೂ ಹಾಗೇ ಮಾಡುತ್ತಾರೆ, ಅವರದ್ದು ಸೋರೆ ಬುರುಡೆಯ ಡಬ್ಬಿ.

ಇನ್ನೊಂದು, ಈ ಸೀಮೆಯ ಮೂಲನಿವಾಸಿಗಳಾದ ಮುಯಿಸ್ಕಾ ಜನರ ಚಿನ್ನದ ತೆಪ್ಪ. ಉದ್ದ 20 ಸೆಂಟಿಮೀಟರ್ ಕೂಡ ಇಲ್ಲ. ಬೊಗೊಟಾ ದಕ್ಷಿಣದ ಪಾಸ್ಕಾ ಎಂಬಲ್ಲಿ 1969ರಲ್ಲಿ ಗುಹೆಯೊಂದರಲ್ಲಿ ರೈತರಿಗೆ ಸಿಕ್ಕಿತು. ಮೇಣದ ಅಚ್ಚು ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಲೋಹ ಸುರಿದು ಮಾಡಿದ್ದು. ನಮ್ಮ ಪಂಚಲೋಹದ ವಿಗ್ರಹ ಮಾಡುವ ಕ್ರಮವೂ ಅದೇ. ತೆಪ್ಪದ ನಡುವೆ ದೊಡ್ಡ ಆಳು, ಸುತ್ತ ಚಿಕ್ಕವರು. ಹೊಸ ದೊರೆ ಪಟ್ಟಕ್ಕೆ ಬರುವಾಗ ಮೈಗೆಲ್ಲ ಚಿನ್ನದ ಪುಡಿ ಬಳಿದುಕೊಂಡು, ಕೆರೆಯ ನಡುವೆ ಹೋಗಿ ಚಿನ್ನವನ್ನು ನೀರಿಗೆ ಅರ್ಪಿಸುತ್ತಿದ್ದ ಅನ್ನುವುದು ಕಥೆ. ಎಲ್ ಡೊರಾಡೊ, ಅಂದರೆ ಚಿನ್ನ ಬಳಿದುಕೊಂಡ ದೊರೆಯ ಚಿನ್ನವನ್ನು ಹುಡುಕುವ ಹುಚ್ಚು ಹುಟ್ಟಿದ್ದು ಇದರಿಂದ. ನಿಮ್ಮ ಪಟ್ಟಿಯಲ್ಲಿದ್ದ ಗ್ವಾತಾವಿತಾವೇ ಆ ಕೆರೆ ಅಂತ ಸ್ಪೇನಿನವರು ನಂಬಿದ್ದರು. 16ನೇ ಶತಮಾನದಲ್ಲಿ ಒಬ್ಬ ವ್ಯಾಪಾರಿ ದಂಡೆಯನ್ನೇ ಕಡಿದು ನೀರು ಹರಿಸಲು ಹೋದ. ಆ ಕಡಿತದ ಗುರುತು ಇವತ್ತಿಗೂ ಇದೆ. ಕೊನೆಗೆ ಕತ್ತಲೆಯ ದುಂಡು ಕೋಣೆಯೊಂದಿದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಗುಂಪು ಗುಂಪಾಗಿ ಒಳಗೆ ಬಿಡುತ್ತಾರೆ. ಒಳಗೇನಾಗುತ್ತದೆ ಅಂತ ಮಗನಿಗೆ ಮೊದಲೇ ಹೇಳಬೇಡಿ.

ಊಟ. ಸಸ್ಯಾಹಾರಿಗಳಿಗೆ ಬೊಗೊಟಾ ಕಷ್ಟವೇನಲ್ಲ, ಆದರೆ ಕೇಳಿ ತಿನ್ನಬೇಕು. ಊರಿನ ಹೆಸರುವಾಸಿ ಸಾರು ಆಹಿಯಾಕೊ: ಮೂರು ಥರದ ಆಲೂಗಡ್ಡೆ, ಮುಸುಕಿನ ಜೋಳದ ತೆನೆ, ಗ್ವಾಸ್ಕಾ ಎಂಬ ಸೊಪ್ಪು. ಕೋಳಿ ತುಂಡು ತೆಗೆದು ಕೊಡುತ್ತೇವೆ ಅನ್ನುತ್ತಾರೆ, ಒಪ್ಪಬೇಡಿ. ಬೇಯಿಸಿದ್ದೇ ಕೋಳಿ ಜೊತೆ. ರಾಜ್ಮಾ ಪಲ್ಯದಂಥ ಫ್ರಿಹೋಲೆಸ್‌ನಲ್ಲಿ ಹಂದಿ ಚೂರು ಇರುತ್ತದೆ. ‘ಮಾಂಸ ಬೇಡ’ ಅಂತ ಮಾತ್ರ ಹೇಳಿದರೆ ಕೋಳಿ ಬರುತ್ತದೆ. ಮಾಂಸ, ಕೋಳಿ, ಮೀನು ಮೂರೂ ಬೇಡ ಅಂತ ಸ್ಪ್ಯಾನಿಷ್‌ನಲ್ಲಿ ಚೀಟಿ ಬರೆದಿಟ್ಟುಕೊಳ್ಳಿ. ಕಣ್ಣುಮುಚ್ಚಿ ತಿನ್ನಬಹುದಾದ್ದು ಚೀಸ್ ಹಾಕಿದ ಮುಸುಕಿನ ಜೋಳದ ರೊಟ್ಟಿ, ಅರೇಪಾ. ಬಾಳೆಕಾಯಿಯನ್ನು ಕರಿದು, ಚಪ್ಪಟೆ ಮಾಡಿ, ಮತ್ತೆ ಕರಿಯುವ ಪತಕೋನ್ ಕೂಡ ರುಚಿ. ಎಣ್ಣೆ ಬೇರೆಯಾ ಅಂತ ಕೇಳುವವರು ನೀವಾದರೆ ಅದನ್ನೂ ಕೇಳಿ.

ಕ್ಯಾಥೆಡ್ರಲ್ ಪಕ್ಕದ 11ನೇ ಕಾಯೆಯಲ್ಲಿ ಲಾ ಪುಯೆರ್ತಾ ಫಾಲ್ಸಾ ಎಂಬ ಪುಟ್ಟ ಹೋಟೆಲಿದೆ, 1816ರಿಂದ ನಡೆಯುತ್ತಿದೆ ಅನ್ನುತ್ತಾರೆ. ಇಲ್ಲಿ ಬಿಸಿ ಚಾಕೊಲೇಟಿಗೆ ಚೀಸ್ ತುಂಡು ಮುರಿದು ಹಾಕಿ, ಕರಗಿದ ಮೇಲೆ ಚಮಚದಲ್ಲಿ ತೆಗೆದು ತಿನ್ನುತ್ತಾರೆ. ಕೇಳೋಕೆ ವಿಚಿತ್ರ, ಆ ಚಳಿಗೆ ಸರಿಹೋಗುತ್ತದೆ. ಸಾಲು ಉದ್ದ ಇದ್ದರೆ ಅಕ್ಕಪಕ್ಕದಲ್ಲಿ ಇಂಥವೇ ಇನ್ನೂ ಇವೆ, ಹಟ ಬೇಡ. ಅತ್ತೆಯವರಿಗೆ ಆಗ್ವಾ ಪಾನೇಲಾ ಕೊಡಿಸಿ. ಬಿಸಿ ಬೆಲ್ಲದ ನೀರು ಅದು. ಬೆಲ್ಲ ಮಾಡುವುದರಲ್ಲಿ ಭಾರತದ ನಂತರದ ಸ್ಥಾನ ಕೊಲಂಬಿಯಾದ್ದೇ. ಕಾಫಿ ಮಾತ್ರ ಮೈಸೂರಿನ ನಾಲಿಗೆಗೆ ಸಪ್ಪೆ. ಬೀದಿಯಲ್ಲಿ ಸಿಗುವ ತಿಂತೊ ಹಾಲಿಲ್ಲದ, ತೆಳ್ಳನೆಯ ಕಪ್ಪು ಕಾಫಿ. ಒಳ್ಳೆಯ ಬೀಜಗಳು ಬಹಳ ಕಾಲ ರಫ್ತಾಗುತ್ತಿದ್ದವು, ಈಗೀಗ ಒಳ್ಳೆಯ ಕಾಫಿ ಅಂಗಡಿಗಳೂ ಬಂದಿವೆ.

ಬೊತೇರೊ ಮ್ಯೂಸಿಯಂ ಅಲ್ಲೇ ಹತ್ತಿರ, ಯಾವತ್ತೂ ಉಚಿತ. ದುಂಡುದುಂಡಗಿನ ಜನ, ಹಣ್ಣು, ಕುದುರೆ ಬರೆದ ಫರ್ನಾಂಡೊ ಬೊತೇರೊ 2023ರಲ್ಲಿ ತೀರಿಕೊಂಡರು. ಇಲ್ಲಿರುವ 208 ಕೃತಿಗಳನ್ನು ಅವರೇ ದೇಶಕ್ಕೆ ಕೊಟ್ಟದ್ದು. 123 ಅವರದ್ದು, ಉಳಿದವು ಪಿಕಾಸೊ, ಮೊನೆ ಮುಂತಾದವರದ್ದು. ಮಕ್ಕಳು ನಗುವ ಮ್ಯೂಸಿಯಂ. ಮುಕ್ಕಾಲು ಗಂಟೆ ಸಾಕು.

ಬೊಲಿವರ್ ಚೌಕದಲ್ಲಿ ಪಾರಿವಾಳಗಳ ಜೊತೆ ಫೋಟೊ ತೆಗೆಸಿಕೊಂಡು ಹೋಗುವವರೇ ಜಾಸ್ತಿ. ನೀವು ನಾಲ್ಕು ಬದಿಯನ್ನೂ ನೋಡಿ. ಪೂರ್ವಕ್ಕೆ ಕ್ಯಾಥೆಡ್ರಲ್, ದಕ್ಷಿಣಕ್ಕೆ ಸಂಸತ್ತು, ಪಶ್ಚಿಮಕ್ಕೆ ನಗರ ಆಡಳಿತ, ಉತ್ತರಕ್ಕೆ ನ್ಯಾಯಾಲಯ. 1985ರ ನವೆಂಬರ್ 6ರಂದು ಎಂ-19 ಎಂಬ ಎಡಪಂಥೀಯ ಸಂಘಟನೆಯ ಗೆರಿಲ್ಲಾಗಳು ಆ ನ್ಯಾಯಾಲಯಕ್ಕೆ ನುಗ್ಗಿ ನ್ಯಾಯಮೂರ್ತಿಗಳನ್ನೇ ಒತ್ತೆ ಇಟ್ಟುಕೊಂಡರು. ಸೈನ್ಯ ಟ್ಯಾಂಕು ನುಗ್ಗಿಸಿತು. ಎರಡು ದಿನದಲ್ಲಿ ಕಟ್ಟಡ ಸುಟ್ಟುಹೋಯಿತು. ಸುಮಾರು ನೂರು ಜನ ಸತ್ತರು, ಅವರಲ್ಲಿ 11 ಮಂದಿ ನ್ಯಾಯಮೂರ್ತಿಗಳು. ಈಗಿರುವುದು ಅದೇ ಜಾಗದಲ್ಲಿ ಕಟ್ಟಿದ ಹೊಸದು. ಎಂ-19 ಮುಂದೆ ಆಯುಧ ಕೆಳಗಿಟ್ಟಿತು. ಅದರ ಹಳೆಯ ಸದಸ್ಯರೇ ಆದ ಗುಸ್ತಾವೊ ಪೆತ್ರೊ 2022ರಲ್ಲಿ ಇದೇ ಚೌಕದಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಚೌಕದ ಈಶಾನ್ಯ ಮೂಲೆಯ ಹಳೇ ಮನೆಯೂ ಮ್ಯೂಸಿಯಂ. 1810ರ ಜುಲೈ 20ರಂದು ಇಲ್ಲಿನ ಸ್ಪ್ಯಾನಿಷ್ ವ್ಯಾಪಾರಿಯ ಹತ್ತಿರ ಹೂದಾನಿ ಕಡ ಕೇಳಲು ಹೋಗಿ, ಅವನು ಕೊಡದೆ, ಜಗಳ ಹತ್ತಿ, ಅದು ಸ್ವಾತಂತ್ರ್ಯದ ದಂಗೆಯಾಯಿತು. ಜಗಳ ತೆಗೆಯುವುದಕ್ಕೇ ಹೋಗಿದ್ದರು ಅನ್ನಿ. ಒಡೆದ ಹೂದಾನಿಯ ಚೂರನ್ನು ಇನ್ನೂ ಜೋಪಾನವಾಗಿಟ್ಟಿದ್ದಾರೆ.

ಎರಡು ಗಂಟೆಗೆ ರಸ್ತೆಗಳು ಮತ್ತೆ ಕಾರಿಗೆ ತೆರೆಯುತ್ತವೆ. ಆಗ ಟ್ಯಾಕ್ಸಿ ಹಿಡಿದು ಉತ್ತರಕ್ಕೆ ಉಸಾಕೆನ್‌ಗೆ ಬನ್ನಿ. 1954ರವರೆಗೆ ಇದು ಬೇರೆಯೇ ಊರು. ಭಾನುವಾರದ ಸಂತೆಯಲ್ಲಿ ಕೈಕೆಲಸದ ಸಾಮಾನು, ಚೀಲ, ಓಲೆ. ಬೆಲೆ ಸ್ವಲ್ಪ ಜಾಸ್ತಿಯೇ. ಅತ್ತೆಯವರು ಚೌಕದ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳಬಹುದು. ಹೋಟೆಲ್ ಹತ್ತಿರ, ಆರಕ್ಕೆ ಕತ್ತಲು. ಅಷ್ಟರಲ್ಲಿ ಒಳಗಿರಿ.

ಭಯದ ವಿಷಯ ಕೇಳಿದ್ದೀರಿ. ಪ್ರವಾಸಿಗಳ ಮಟ್ಟಿಗೆ ಇಲ್ಲಿನ ದೊಡ್ಡ ತೊಂದರೆ ಕಳ್ಳತನ, ಅದರಲ್ಲೂ ಫೋನು. ರಸ್ತೆಯಲ್ಲಿ ನಿಂತು ಮ್ಯಾಪ್ ನೋಡಬೇಡಿ, ಅಂಗಡಿಯೊಳಗೆ ಹೋಗಿ ನೋಡಿ. ಒಡವೆ ಅಟ್ಲಾಂಟಾದಲ್ಲೇ ಇರಲಿ, ಅತ್ತೆಯವರ ಬಂಗಾರದ ಬಳೆ, ಸರ ಕೂಡ. ಟ್ಯಾಕ್ಸಿಯನ್ನು ಆ್ಯಪ್‌ನಲ್ಲೋ ಹೋಟೆಲಿನಿಂದಲೋ ಕರೆಸಿ, ಕೈ ತೋರಿಸಿ ನಿಲ್ಲಿಸಬೇಡಿ. ಲಾ ಕಾಂಡೆಲಾರಿಯಾದಲ್ಲಿ ಗೋಡೆ ಚಿತ್ರಗಳನ್ನು ನೋಡುತ್ತಾ ಬೆಟ್ಟದ ಕಡೆ ತೀರಾ ಮೇಲಕ್ಕೆ ಹೋಗಬೇಡಿ. ಅಪರಿಚಿತರು ಕೊಟ್ಟದ್ದನ್ನು ಕುಡಿಯಬೇಡಿ. ಬೀದಿಯಲ್ಲಿ ಕಾಗದದ ಪೊಟ್ಟಣ ಬಿಚ್ಚಿ ಪಚ್ಚೆ ಕಲ್ಲು ತೋರಿಸುವವರಿಗೆ ನಕ್ಕು ಮುಂದೆ ನಡೆಯಿರಿ. ಕೆಂಪು ಬಸ್ಸಿನ ಟ್ರಾನ್ಸ್‌ಮಿಲೆನಿಯೊ ಹತ್ತೋಣವೇ ಅನಿಸಬಹುದು. 2000ದಲ್ಲಿ ಶುರುವಾದ ಇದು ಬಸ್ಸಿಗೇ ಪ್ರತ್ಯೇಕ ದಾರಿ ಕೊಟ್ಟ ವ್ಯವಸ್ಥೆ, ಹುಬ್ಬಳ್ಳಿ–ಧಾರವಾಡದ ಚಿಗರಿ ನೋಡಿದವರಿಗೆ ಹೊಸದಲ್ಲ. ನಾಲ್ಕು ಜನ, ಒಂದೇ ದಿನ, ಜೇಬುಗಳ್ಳರು ಬೇರೆ. ಟ್ಯಾಕ್ಸಿಯೇ ಸಾಕು. ದುಡ್ಡು ಕೊಡುವಾಗ ಸೊನ್ನೆ ಎಣಿಸಿ, ಒಂದು ಡಾಲರಿಗೆ ಸಾವಿರಗಟ್ಟಲೆ ಪೆಸೊ ಇರುತ್ತದೆ.

ಇನ್ನು ನೀವು ಕೇಳದ ಎರಡು ಮಾತು. ಕೊಲಂಬಿಯಾದಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಬರುವುದರಿಂದ ವೀಸಾ ನಿಯಮ ಅನ್ವಯಿಸುತ್ತದೆ. ಅಮೆರಿಕದ ವೀಸಾ ಇರುವ ಭಾರತೀಯರಿಗೆ ವಿನಾಯಿತಿ ಇದ್ದರೂ, ವೀಸಾದ ಅವಧಿ ಇನ್ನೆಷ್ಟು ಉಳಿದಿದೆ ಅನ್ನುವುದನ್ನು ನೋಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಸ್ಟಾಂಪ್ ಮುಗಿದು ಕೆಲಸದ ಅನುಮತಿ ಪತ್ರ ಮಾತ್ರ ಇದ್ದರೆ ಅದು ವೀಸಾ ಅಲ್ಲ. ನಾಲ್ಕೂ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಕೊಲಂಬಿಯಾ ಕಾನ್ಸುಲೇಟಿನ ಈಗಿನ ನಿಯಮ ಓದಿ.

ಎರಡನೆಯದು ಹಳದಿ ಜ್ವರ. ಬೊಗೊಟಾದ ಎತ್ತರಕ್ಕೆ ಆ ಸೊಳ್ಳೆ ಬರುವುದಿಲ್ಲ. ಆದರೆ ಭಾರತ ಸರ್ಕಾರದ ಪಟ್ಟಿಯಲ್ಲಿ ಕೊಲಂಬಿಯಾ, ಪೆರು ಎರಡೂ ಇವೆ. ಅಲ್ಲಿಂದ ಹೊರಟ 6 ದಿನದೊಳಗೆ ಭಾರತಕ್ಕೆ ಇಳಿದರೆ ಲಸಿಕೆಯ ಹಳದಿ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್‌ಗೆ ಹಾಕುತ್ತಾರೆ. ಅತ್ತೆಯವರು ಪ್ರವಾಸ ಮುಗಿಸಿ ಅಟ್ಲಾಂಟಾದಲ್ಲಿ ಒಂದು ವಾರಕ್ಕಿಂತ ಹೆಚ್ಚು ಇದ್ದು ಊರಿಗೆ ಹೊರಟರೆ ಈ ತಾಪತ್ರಯ ಇಲ್ಲ. 60 ದಾಟಿದವರಿಗೆ ಈ ಲಸಿಕೆ ಹಾಕುವ ಮುಂಚೆ ಡಾಕ್ಟರು ಯೋಚಿಸುತ್ತಾರೆ, ಹಾಗಾಗಿ ಅವರ ವಾಪಸ್ ಟಿಕೆಟ್ಟಿನ ತಾರೀಖನ್ನು ಮುಂದಕ್ಕೆ ಹಾಕುವುದೇ ಸುಲಭ. ಲಸಿಕೆ ಹಾಕಿಸಲೇಬೇಕಾದರೆ, ಹಾಕಿಸಿದ 10 ದಿನದ ಮೇಲಷ್ಟೇ ಆ ಕಾರ್ಡ್ ಚಲಾವಣೆಗೆ ಬರುತ್ತದೆ. ಡಾಕ್ಟರ ಅಪಾಯಿಂಟ್‌ಮೆಂಟನ್ನು ಡಿಸೆಂಬರ್ ಮೊದಲ ವಾರದಲ್ಲೇ ತಗೊಳ್ಳಿ.